ಮಿಸ್ ಆಗ್ತಿರೋದು ಡೈಸಿನಿಂದಲೋ ಶೀಟಿನಿಂದಲೋ? ಪ್ರೀ-ಜೆನ್ ಕ್ಯಾರೆಕ್ಟರ್‌ಗಳ ದೋಷ ನಿವಾರಣೆ ಕೈಪಿಡಿ

ಹಾಸನ, ಚಿಕ್ಕಮಗಳೂರಿನ ಕಡೆ ಟೇಬಲ್‌ಟಾಪ್ ರೋಲ್‌ಪ್ಲೇ ಆಟ (ಮೇಜಿನ ಸುತ್ತ ಕೂತು ಡೈಸ್ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ) ಆಡಿಸುವವರಿಗೆ ಪ್ರೀ-ಜೆನ್, ಅಂದರೆ ಮೊದಲೇ ಮಾಡಿಟ್ಟ ಕ್ಯಾರೆಕ್ಟರ್, ಬೇಕೇ ಬೇಕು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂರುತ್ತೇವೆ. ಸಂಜೆ ಬೇಲೂರಿಗೋ ಅರಸೀಕೆರೆಗೋ ಮೂಡಿಗೆರೆಗೋ ಬಸ್ ಹಿಡಿಯಬೇಕಾದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ನಾಲ್ಕು ಹೊಸಬರಿಗೆ ಮೊದಲಿನಿಂದ ಕ್ಯಾರೆಕ್ಟರ್ ಮಾಡಿಸಲು ಹೋದರೆ ಇರುವ ಹೊತ್ತೆಲ್ಲ ಅದಕ್ಕೇ ಮುಗಿಯುತ್ತದೆ. ಹಾಗಾಗಿ ಕ್ಯಾರೆಕ್ಟರ್‌ನ ಅಂಕಿಗಳೆಲ್ಲ ಬರೆದು ಮೊದಲೇ ತಯಾರಾದ ಶೀಟ್ ಕೈಗೆ ಕೊಟ್ಟು ಆಟ ಶುರು ಮಾಡುತ್ತೇವೆ.

ಆ ಶೀಟ್ ಸರಿಯಿಲ್ಲದಿದ್ದರೆ ಏನಾಗುತ್ತದೆ? ಹೊಸಬರಿಗೆ ಅದು ಗೊತ್ತಾಗುವುದಿಲ್ಲ. ಏಟು ತಪ್ಪುತ್ತದೆ, ಮತ್ತೆ ತಪ್ಪುತ್ತದೆ. ಕೊನೆಗೆ "ಅಣ್ಣಾ, ಈ ಆಟ ನನಗೆ ಆಗಿಬರಲ್ಲ" ಅಂತ ಎದ್ದು ಹೋಗುತ್ತಾರೆ. ಬೆಂಗಳೂರಿನಲ್ಲಾದರೆ ಇನ್ನೊಂದು ಟೇಬಲ್ ಸಿಗಬಹುದು. ನಮ್ಮ ಊರುಗಳಲ್ಲಿ ಅಂಥವರು ಆಟವನ್ನೇ ಬಿಟ್ಟಂತೆ. ಕಾಗದದ ಮೇಲಿನ ತಪ್ಪು ಲೆಕ್ಕಕ್ಕೆ ಒಬ್ಬ ಆಟಗಾರರನ್ನು ಕಳೆದುಕೊಳ್ಳಬಾರದು. ಇದನ್ನು ಬರೆಯುತ್ತಿರುವುದು ಅದಕ್ಕೇ.

ಕೆಳಗಿನ ಲೆಕ್ಕಗಳೆಲ್ಲ ಹೆಚ್ಚಾಗಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 5ನೇ ಆವೃತ್ತಿಯ 2014ರ ನಿಯಮದವು. ಕೈಯಿಂದ ಕೈಗೆ ದಾಟುವ ಶೀಟ್‌ಗಳು ಜಾಸ್ತಿ ಅದರವೇ. ಬೇರೆ ಆಟದ ಮಾತು ಬಂದಾಗ ಹೆಸರು ಹೇಳಿದ್ದೇನೆ.

ಶೀಟಿಗೆ ಕೈ ಹಾಕುವ ಮೊದಲು

ಮೂಲ ಶೀಟನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಿದ್ದುವುದೆಲ್ಲ ಪೆನ್ಸಿಲ್‌ನಲ್ಲಿರಲಿ. ಜೆರಾಕ್ಸ್‌ನ ಜೆರಾಕ್ಸ್ ಆಗಿ ಬಂದ ಶೀಟಾದರೆ ಅಂಕಿಗಳನ್ನು ಮೊದಲು ಬೆಳಕಿನಲ್ಲಿ ನೋಡಿ. 6 ಮತ್ತು 8 ಒಂದೇ ಥರ ಕಾಣುತ್ತವೆ. +1 ಇದ್ದದ್ದು -1 ಆಗಿರುತ್ತದೆ.

ಹೊಡೆದಾಟದ ನಡುವೆ ಯಾವ ಅಂಕಿಯನ್ನೂ ಬದಲಿಸಬೇಡಿ. ಆಡುತ್ತಿರುವವರ ಒಪ್ಪಿಗೆ ಇಲ್ಲದೆ ಅಂತೂ ಮುಟ್ಟಲೇಬೇಡಿ. ಶೀಟ್ ಅವರ ಕೈಗೆ ಹೋದ ಮೇಲೆ ಆ ಕ್ಯಾರೆಕ್ಟರ್ ಅವರದ್ದು. "ಇಲ್ಲಿ ಒಂದು ಲೆಕ್ಕ ತಪ್ಪಿದೆ, ಸರಿ ಮಾಡೋಣವಾ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಸಂಘಟಿತ ಆಟದ ಕಾರ್ಯಕ್ರಮವಾದರೆ ಪ್ರೀ-ಜೆನ್ ಬದಲಿಸಬಾರದು ಎಂಬ ನಿಯಮ ಇರಬಹುದು. ಅಲ್ಲಿ ಮೊದಲು ನಡೆಸುವವರನ್ನು ಕೇಳಿ.

ಲಕ್ಷಣ: "ಏಟು ಬೀಳ್ತಾನೇ ಇಲ್ಲ"

ಎಲ್ಲರೂ ಮೊದಲು ಹೇಳುವ ದೂರು ಇದು. ಕಾರಣಗಳೂ ಜಾಸ್ತಿ. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ.

ಮೊದಲು ಕೈಯಲ್ಲಿರುವ ಡೈಸ್ ನೋಡಿ. ಒಂದೇ ಸೆಟ್ ಡೈಸ್ ಇಡೀ ಟೇಬಲ್ ಸುತ್ತುವಾಗ ಡಿ20 (20 ಮುಖದ ಡೈಸ್) ಬದಲು ಡಿ12 (12 ಮುಖದ್ದು) ಉರುಳಿಸುವುದು ತುಂಬಾ ಸಾಮಾನ್ಯ. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಬೆಳಕಿನಲ್ಲಿ ಆಡುವಾಗ ಇನ್ನೂ ಜಾಸ್ತಿ. ಡಿ20ಯ ಪ್ರತಿ ಮುಖಕ್ಕೆ ಮೂರು ಮೂಲೆ, ಡಿ12ರ ಮುಖಕ್ಕೆ ಐದು ಮೂಲೆ. ರೋಲ್‌ಗೆ ಕೂಡಿಸಲು +5 ಬೋನಸ್ ಇರುವವರು ಎಸಿ (ಏಟು ಬೀಳಲು ಒಟ್ಟು ಮುಟ್ಟಬೇಕಾದ ಅಂಕಿ) 15 ಇರುವ ಗಾಬ್ಲಿನ್ ಅನ್ನುವ ಕುಳ್ಳ ಶತ್ರುವಿಗೆ ಹೊಡೆಯಲು ಡೈಸ್‌ನಲ್ಲಿ 10 ಅಥವಾ ಜಾಸ್ತಿ ಬೀಳಬೇಕು. ಡಿ20ಯಲ್ಲಿ ಅದಕ್ಕೆ ನೂರಕ್ಕೆ 55 ಅವಕಾಶ. ಡಿ12ರಲ್ಲಿ 25 ಮಾತ್ರ.

ಡೈಸ್ ಸರಿಯಿದ್ದರೆ ಒಂದು ಹೊಡೆದಾಟದ ಪೂರ್ತಿ ಸುಮ್ನೆ ಗಮನಿಸಿ. ತಪ್ಪಿದಾಗಲೆಲ್ಲ ಡೈಸ್ ಮೇಲೆ ಎಷ್ಟು ಬಿತ್ತು ಅಂತ ಕೇಳಿ ಬರೆದುಕೊಳ್ಳಿ. 3, 6, 4, 8 ಅಂತ ಬರುತ್ತಿದ್ದರೆ ಅದು ಬರೀ ಅದೃಷ್ಟದ ಮಾತು. ನೂರಕ್ಕೆ 55 ಅವಕಾಶ ಇರುವವರಿಗೂ ಸತತ ಮೂರು ಏಟು ತಪ್ಪುವ ಸಾಧ್ಯತೆ ನೂರಕ್ಕೆ 9ರಷ್ಟಿದೆ. ನಾಲ್ಕು ಜನ ಆಡುವ ಟೇಬಲ್‌ನಲ್ಲಿ ಒಂದು ಮಧ್ಯಾಹ್ನಕ್ಕೆ ಯಾರಿಗಾದರೂ ಹೀಗಾಗುವುದು ಸಹಜ. ಇದಕ್ಕಾಗಿ ಶೀಟ್ ಮುಟ್ಟಬೇಡಿ. ಆದರೆ 10, 11, 12 ಬಿದ್ದೂ ತಪ್ಪುತ್ತಿದ್ದರೆ ದೋಷ ಕಾಗದದಲ್ಲಿದೆ.

ಆಗ ಕೂಡಿಸುವ ಲೆಕ್ಕ ನೋಡಿ. ದಾಳಿಯ ಬೋನಸ್ ಅಂದರೆ ಸ್ಟ್ರೆಂತ್ (ಬಲ) ಅಥವಾ ಡೆಕ್ಸ್ (ಚುರುಕು) ಮಾಡಿಫೈಯರ್ (ಆ ಸ್ಕೋರ್‌ನಿಂದ ಬರುವ, ರೋಲ್‌ಗೆ ಕೂಡಿಸುವ ಅಂಕಿ), ಅದರ ಜೊತೆ ಪ್ರೊಫಿಷಿಯನ್ಸಿ ಬೋನಸ್ (ಪಳಗಿದ ಕೆಲಸಕ್ಕೆ ಸಿಗುವ ಅಂಕಿ). ಲೆವೆಲ್ 1ರಿಂದ 4ರವರೆಗೆ ಪ್ರೊಫಿಷಿಯನ್ಸಿ +2, 5ರಿಂದ 8ರವರೆಗೆ +3. ಎಷ್ಟೋ ಶೀಟ್‌ಗಳಲ್ಲಿ ಇದನ್ನು ಸೇರಿಸುವುದೇ ಮರೆತಿರುತ್ತದೆ. ಲೆವೆಲ್ 5ಕ್ಕೆ ಏರಿಸಿದ ಶೀಟ್‌ನಲ್ಲಿ ಹಳೆಯ +2 ಹಾಗೇ ಉಳಿದಿರುತ್ತದೆ. ಶೀಟ್‌ನಲ್ಲಿ ಸರಿಯಿದ್ದು ಆಡುವವರು ಕೂಡಿಸುವುದನ್ನು ಮರೆಯುವುದೂ ಉಂಟು. ಆಯುಧದ ಹೆಸರಿನ ಪಕ್ಕ ಒಟ್ಟು ಅಂಕಿಯನ್ನು ದಪ್ಪಗೆ ಬರೆದುಕೊಡಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಲೆಕ್ಕವೂ ಸರಿಯಿದ್ದರೆ ದೊಡ್ಡ ಸ್ಕೋರ್ ಎಲ್ಲಿ ಕೂತಿದೆ ಅಂತ ನೋಡಿ. ಒಂದು ಮಾದರಿ ಹೇಳುತ್ತೇನೆ. ಮನುಷ್ಯ ಜಾತಿಯ ಲೆವೆಲ್ 1 ಫೈಟರ್ (ಹೊಡೆದಾಡುವ ಕ್ಲಾಸ್, ಅಂದರೆ ಕ್ಯಾರೆಕ್ಟರ್‌ನ ವೃತ್ತಿ). ಸ್ಟ್ರೆಂತ್ 14, ಡೆಕ್ಸ್ 15, ಕಾನ್ (ತಾಳಿಕೆ) 13, ಇಂಟೆಲಿಜೆನ್ಸ್ 11, ವಿಸ್ಡಂ 9, ಕರಿಸ್ಮಾ 16. ಪಾಳೇಗಾರರ ಮನೆಯ ಮಗ, ಮಾತಿನಲ್ಲಿ ಗಟ್ಟಿಗ ಅಂತ ಕಥೆ. ಓದಲು ಚೆನ್ನಾಗಿದೆ. ಆದರೆ ಕತ್ತಿ ಬೀಸುವವನ ದೊಡ್ಡ ಅಂಕಿ ಕರಿಸ್ಮಾದಲ್ಲಿ ಕೂತಿದೆ. ಚೈನ್ ಮೇಲ್ (ಸರಪಳಿ ಕವಚ) ತೊಟ್ಟವನಿಗೆ ಡೆಕ್ಸ್‌ನಿಂದ ಎಸಿ ಏರುವುದಿಲ್ಲ, ಆದರೂ ಅಲ್ಲಿ 15 ಇದೆ.

ಅವೇ ಅಂಕಿಗಳನ್ನು ಜಾಗ ಬದಲಿಸಿ. ಸ್ಟ್ರೆಂತ್ 16, ಕಾನ್ 15, ಕರಿಸ್ಮಾ 14, ಡೆಕ್ಸ್ 13. ಹೊಸದಾಗಿ ಒಂದು ಪಾಯಿಂಟನ್ನೂ ಕೊಟ್ಟಿಲ್ಲ. ಆದರೂ ದಾಳಿ +4 ಇದ್ದದ್ದು +5 ಆಯಿತು. ಲಾಂಗ್‌ಸ್ವೋರ್ಡ್ ಏಟು ಡಿ8+2 ಇದ್ದದ್ದು ಡಿ8+3 ಆಯಿತು. ಇದೇನು ಮಹಾ ಅನ್ನಬೇಡಿ. ಗಾಬ್ಲಿನ್‌ಗೆ ಎಸಿ 15, ಎಚ್‌ಪಿ (ಎಷ್ಟು ಏಟು ತಡೆದುಕೊಳ್ಳುತ್ತದೆ ಅನ್ನುವ ಅಂಕಿ) 7. ಮೊದಲಿನ ಶೀಟ್‌ನಲ್ಲಿ ಒಂದೇ ಏಟಿಗೆ ಅದನ್ನು ಬೀಳಿಸುವ ಅವಕಾಶ ನೂರಕ್ಕೆ 25. ತಿದ್ದಿದ ಮೇಲೆ 34. ಕ್ರಿಟಿಕಲ್ (ಜಾಸ್ತಿ ನೋವಾಗುವ ವಿಶೇಷ ಏಟು) ಮತ್ತು ಫೈಟಿಂಗ್ ಸ್ಟೈಲ್ (ಫೈಟರ್‌ನ ವಿಶೇಷ ಪಟ್ಟು) ಬಿಟ್ಟು ಹಾಕಿದ ಲೆಕ್ಕ ಇದು. ಟೇಬಲ್‌ನಲ್ಲಿ ಕೂತವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಕರಿಸ್ಮಾ 14 ಉಳಿದಿರುವುದರಿಂದ ಮಾತುಗಾರನ ಕಥೆಗೂ ಧಕ್ಕೆಯಿಲ್ಲ.

ಬೆಸ ಅಂಕಿಗಳ ಮೇಲೂ ಒಂದು ಕಣ್ಣಿರಲಿ. ಸ್ಕೋರ್ 15ಕ್ಕೂ 14ಕ್ಕೂ ಮಾಡಿಫೈಯರ್ ಒಂದೇ, +2. ಬೆಸ ಅಂಕಿ ಇದ್ದ ಮಾತ್ರಕ್ಕೆ ತಪ್ಪು ಅಂತಲ್ಲ. ಲೆವೆಲ್ 4ರಲ್ಲಿ ಎರಡು ಪಾಯಿಂಟ್ ಸಿಕ್ಕಾಗ 15ನ್ನು 16, 13ನ್ನು 14 ಮಾಡುವ ಯೋಚನೆ ಇರಬಹುದು. ಆದರೆ ಒಂದೇ ದಿನದ ಆಟಕ್ಕೆ ಮಾಡಿದ ಲೆವೆಲ್ 1 ಶೀಟ್‌ನಲ್ಲಿ ಮೂರು ನಾಲ್ಕು ಬೆಸ ಅಂಕಿ ಕಂಡರೆ ಅಷ್ಟು ಪಾಯಿಂಟ್ ಕೆಲಸಕ್ಕೆ ಬಂದಿಲ್ಲ ಅಂತಲೇ ಅರ್ಥ.

ಪಾತ್‌ಫೈಂಡರ್ 2ನೇ ಆವೃತ್ತಿ ಆಡುವವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕು. ಅಲ್ಲಿ ಗುರಿಗಿಂತ 10 ಜಾಸ್ತಿ ಬಂದರೆ ಕ್ರಿಟಿಕಲ್. ಹಾಗಾಗಿ ಒಂದು +1 ಏಟು ಬೀಳುವ ಅವಕಾಶವನ್ನೂ ಏರಿಸುತ್ತದೆ, ಕ್ರಿಟಿಕಲ್ ಅವಕಾಶವನ್ನೂ ಏರಿಸುತ್ತದೆ. ಅಲ್ಲಿ ಲೆವೆಲ್ 1ರಲ್ಲೇ ಮುಖ್ಯ ಅಬಿಲಿಟಿಯನ್ನು +4ಕ್ಕೆ ತರಬಹುದು. ದಾಳಿಯನ್ನೇ ನಂಬಿದ ಶೀಟ್‌ನಲ್ಲಿ ಅದು +3 ಇದ್ದರೆ ಮೊದಲು ಅಲ್ಲಿ ನೋಡಿ.

ಲಕ್ಷಣ: "ಎಲ್ಲಾ ಸ್ವಲ್ಪ ಸ್ವಲ್ಪ ಬರುತ್ತೆ, ಯಾವುದೂ ಪೂರ್ತಿ ಬರಲ್ಲ"

ಇದು ಹೆಚ್ಚಾಗಿ ನಾವೇ ಕೂತು ಬರೆದ ಪ್ರೀ-ಜೆನ್‌ಗಳ ರೋಗ. ನಮ್ಮ ಸುತ್ತಮುತ್ತ ಕಥೆಗೆ ಬರವಿಲ್ಲ. ಬೇಲೂರು, ಹಳೇಬೀಡು ಪಕ್ಕದಲ್ಲೇ ಇವೆ. ಸಳ ಹುಲಿಯನ್ನು ಕೊಂದ ಐತಿಹ್ಯದ ಅಂಗಡಿ ಊರು ಮೂಡಿಗೆರೆ ತಾಲ್ಲೂಕಿನಲ್ಲಿದೆ. ಹೊಯ್ಸಳರ ಕಾಲದ ಸಾಹಸ ಬರೆಯಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸಲೂಬೇಕು.

ತೊಂದರೆ ಆಗುವುದು ಕಥೆಯನ್ನೆಲ್ಲ ಸ್ಕೋರ್‌ಗಳಲ್ಲಿ ತುಂಬಿಸಲು ಹೊರಟಾಗ. ಹಳೇಬೀಡಿನ ಶಿಲ್ಪಿ ಅನ್ನಿ. ಕಲ್ಲು ಹೊಡೆಯುವವನು, ಸ್ಟ್ರೆಂತ್ ಬೇಕು. ಕೈ ಸೂಕ್ಷ್ಮ, ಡೆಕ್ಸ್ ಬೇಕು. ಬಿಸಿಲಲ್ಲಿ ದುಡಿಯುವವನು, ಕಾನ್ ಬೇಕು. ಶಾಸ್ತ್ರ ಓದಿದವನು, ಇಂಟೆಲಿಜೆನ್ಸ್ ಬೇಕು. ಹೀಗೆ ಹಂಚುತ್ತಾ ಹೋದರೆ 13, 13, 13, 12, 12, 12 ಆಗುತ್ತದೆ. ಪಾಯಿಂಟ್ ಬೈ (ಕೊಟ್ಟ ಪಾಯಿಂಟ್ ಖರ್ಚು ಮಾಡಿ ಸ್ಕೋರ್ ಕೊಳ್ಳುವ) ಲೆಕ್ಕದಲ್ಲಿ ಇದು ಸರಿಯಾಗಿ 27 ಪಾಯಿಂಟ್. ನಿಯಮ ಮುರಿದಿಲ್ಲ. ಆರೂ ಮಾಡಿಫೈಯರ್ +1.

ಅದೇ 27 ಪಾಯಿಂಟ್‌ಗೆ 15, 14, 13, 12, 10, 8 ಕೂಡ ಬರುತ್ತದೆ. ಇದರ ಮಾಡಿಫೈಯರ್‌ಗಳನ್ನು ಕೂಡಿಸಿದರೆ +5. ಶಿಲ್ಪಿಯವನ್ನು ಕೂಡಿಸಿದರೆ +6. ಕಾಗದದಲ್ಲಿ ಶಿಲ್ಪಿಯೇ ಮುಂದೆ. ಆದರೆ ಆಟದಲ್ಲಿ ಆರು ಸ್ಕೋರ್‌ಗಳಿಂದ ಸಮನಾಗಿ ರೋಲ್ ಮಾಡುವುದಿಲ್ಲ. ಫೈಟರ್ ಆದವರು ದಾಳಿಯ ರೋಲ್ ಹೊಡೆದಷ್ಟು ಬೇರೆ ಯಾವ ರೋಲನ್ನೂ ಹೊಡೆಯುವುದಿಲ್ಲ. +1ರ ಜೊತೆ ಪ್ರೊಫಿಷಿಯನ್ಸಿ ಸೇರಿ ದಾಳಿ +3. ಎಸಿ 15ಕ್ಕೆ ನೂರಕ್ಕೆ 45. ಅರ್ಧಕ್ಕಿಂತ ಜಾಸ್ತಿ ಸಲ ಸರದಿ ಸುಮ್ನೆ ಕಳೆದುಹೋಗುತ್ತದೆ.

ಶಿಲ್ಪಿಯ ಕಥೆಯನ್ನು ಬಿಡಬೇಕಿಲ್ಲ. ಅದನ್ನು ಇರಬೇಕಾದ ಜಾಗಕ್ಕೆ ಕಳಿಸಿ. ಗಿಲ್ಡ್ ಆರ್ಟಿಸನ್ (ಕುಶಲಕರ್ಮಿ) ಬ್ಯಾಕ್‌ಗ್ರೌಂಡ್ ಕೊಟ್ಟು ಮೇಸನ್ಸ್ ಟೂಲ್ಸ್ (ಕಲ್ಲುಕುಟಿಗರ ಸಲಕರಣೆ) ಪ್ರೊಫಿಷಿಯನ್ಸಿ ಬರೆಯಿರಿ. ಆಯುಧವಾಗಿ ವಾರ್‌ಹ್ಯಾಮರ್ ಕೊಡಿ. ಸ್ಕೋರ್ ಮಾತ್ರ ಫೈಟರ್‌ನದಾಗಿರಲಿ: ಸ್ಟ್ರೆಂತ್ 15, ಕಾನ್ 14, ಡೆಕ್ಸ್ 13, ಮಿಕ್ಕಿದ್ದು ಉಳಿದ ಕಡೆ. ಸ್ಟ್ರೆಂತ್‌ಗೆ ಬೋನಸ್ ಕೊಡುವ ಕುಲವಾದರೆ ಅದು 16 ಅಥವಾ 17 ಆಗುತ್ತದೆ. ಈಗ ಅವನು ಶಿಲ್ಪಿಯೂ ಹೌದು, ಹೊಡೆದಾಟಕ್ಕೂ ಆಗುತ್ತಾನೆ. ಕಥೆ ಬ್ಯಾಕ್‌ಗ್ರೌಂಡ್, ಸ್ಕಿಲ್, ಟೂಲ್‌ಗಳಲ್ಲಿ ಇರಲಿ. ದೊಡ್ಡ ಅಂಕಿ ಕ್ಲಾಸ್ ಮಾಡುವ ಕೆಲಸಕ್ಕೆ ಹೋಗಲಿ. ಮನೆಯಲ್ಲಿ ಶೀಟ್ ಬರೆಯುವವರು ಇದೊಂದನ್ನು ಪಾಲಿಸಿದರೂ ಮುಕ್ಕಾಲು ಪಾಲು ದೋಷ ಹುಟ್ಟುವುದೇ ಇಲ್ಲ.

ಲಕ್ಷಣ: "ಒಂದೇ ಏಟಿಗೆ ಬಿದ್ದೆ"

ಎಚ್‌ಪಿ ಲೆಕ್ಕ ಮೊದಲು. ಲೆವೆಲ್ 1ರಲ್ಲಿ ಹಿಟ್ ಡೈಸ್‌ನ (ಆ ಕ್ಲಾಸಿಗೆ ಎಚ್‌ಪಿ ಲೆಕ್ಕ ಹಾಕುವ ಡೈಸ್) ಪೂರ್ತಿ ಅಂಕಿ, ಅದಕ್ಕೆ ಕಾನ್ ಮಾಡಿಫೈಯರ್. ಆಮೇಲೆ ಪ್ರತಿ ಲೆವೆಲ್‌ಗೆ ಫೈಟರ್‌ಗೆ 6, ಕ್ಲೆರಿಕ್ (ಪೂಜಾರಿ) ಮತ್ತು ರೋಗ್‌ಗೆ (ಕಳ್ಳ) 5, ವಿಝರ್ಡ್‌ಗೆ (ಮಾಂತ್ರಿಕ) 4. ಪ್ರತಿ ಸಲವೂ ಕಾನ್ ಸೇರಿಸಬೇಕು. ಈ ಕಾನ್ ಸೇರಿಸುವುದು ಮೊದಲ ಲೆವೆಲ್‌ಗೆ ಮಾತ್ರ ಅಂತ ತಿಳಿದು ಬರೆದ ಶೀಟ್‌ಗಳು ಬೇಕಾದಷ್ಟಿವೆ. ಲೆವೆಲ್ 3 ಫೈಟರ್‌ಗೆ ಕಾನ್ 16 ಇದ್ದರೆ ಎಚ್‌ಪಿ 31 ಇರಬೇಕು. 25 ಅಂತ ಬರೆದಿದ್ದರೆ ಎಲ್ಲಿ ತಪ್ಪಿದೆ ಅಂತ ನಿಮಗೇ ಗೊತ್ತಾಗುತ್ತದೆ.

ಲೆಕ್ಕ ಸರಿಯಿದ್ದು ಕಾನ್ ಸ್ಕೋರೇ ಕಡಿಮೆ ಇದ್ದರೆ ಅದು ನಿಜಕ್ಕೂ ಅಪಾಯ. ಎಚ್‌ಪಿ ಸೊನ್ನೆಗೆ ಇಳಿದ ಮೇಲೂ ಉಳಿದ ಏಟು ನಿಮ್ಮ ಪೂರ್ತಿ ಎಚ್‌ಪಿಯಷ್ಟು ಇದ್ದರೆ ಡೆತ್ ಸೇವ್‌ಗೂ (ಬಿದ್ದವರು ಬದುಕಲು ಹಾಕುವ ರೋಲ್) ಅವಕಾಶವಿಲ್ಲ, ಅಲ್ಲೇ ಸಾವು. ಬಗ್‌ಬೇರ್ ಅನ್ನುವ ರಾಕ್ಷಸನ ಗದೆ ಏಟು 2ಡಿ8+2. ಕಾನ್ 10 ಇರುವ ಲೆವೆಲ್ 1 ವಿಝರ್ಡ್‌ಗೆ ಎಚ್‌ಪಿ 6. ಪೂರ್ತಿ ಆರೋಗ್ಯದಲ್ಲಿ ನಿಂತಿದ್ದರೂ 12ರ ಏಟಿಗೆ ನೇರ ಸಾವು. ಏಟು ಬಿದ್ದರೆ ಹಾಗಾಗುವ ಸಾಧ್ಯತೆ ನೂರಕ್ಕೆ ಸುಮಾರು 44. ಕಾನ್ 14 ಇದ್ದರೆ ಎಚ್‌ಪಿ 8, ಆಗ 16ರ ಏಟು ಬೇಕು, ಸಾಧ್ಯತೆ ಸುಮಾರು 9ಕ್ಕೆ ಇಳಿಯುತ್ತದೆ. ಎರಡು ಎಚ್‌ಪಿ ಅಂತ ಹಗುರವಾಗಿ ನೋಡಬೇಡಿ. ಹೊಸಬರು ಆಡುವ ಯಾವ ಶೀಟ್‌ನಲ್ಲೂ ಕಾನ್ 12ಕ್ಕಿಂತ ಕೆಳಗೆ ಇರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಎಸಿ. ಗಾಬ್ಲಿನ್ ದಾಳಿ +4. ಎಸಿ 12 ಇದ್ದರೆ ನೂರಕ್ಕೆ 65 ಸಲ ಏಟು ಬೀಳುತ್ತದೆ, 16 ಇದ್ದರೆ 45, 18 ಇದ್ದರೆ 35. ಲೆದರ್ ತೊಟ್ಟ, ಡೆಕ್ಸ್ 12 ಇರುವ ಕ್ಲೆರಿಕ್ ಸಿಕ್ಕರೆ ಎಸಿ 12. ಅವರಿಗೆ ಸ್ಕೇಲ್ ಮೇಲ್ ಮತ್ತು ಶೀಲ್ಡ್ ಎರಡನ್ನೂ ಬಳಸುವ ಹಕ್ಕಿದೆ. ಕೊಟ್ಟರೆ 17 ಆಗುತ್ತದೆ. ಶೀಲ್ಡ್ ಒಂದಕ್ಕೆ 10 ಗೋಲ್ಡ್ ಅಷ್ಟೆ. ಇಡೀ ಆಟದಲ್ಲಿ ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ.

ಸಾಮಾನಿನ ಪಟ್ಟಿಯಲ್ಲಿ ಒಂದಕ್ಕೊಂದು ಹೊಂದದ್ದು ಇದೆಯಾ ಅಂತಲೂ ನೋಡಿ. ಎಸಿ 18 ಅಂತ ಶೀಲ್ಡ್ ಸೇರಿಸಿ ಬರೆದು, ಆಯುಧ ಗ್ರೇಟ್‌ಸ್ವೋರ್ಡ್ ಅಂತ ಇರುತ್ತದೆ. ಅದಕ್ಕೆ ಎರಡೂ ಕೈ ಬೇಕು, ಶೀಲ್ಡ್ ಹಿಡಿಯುವುದು ಎಲ್ಲಿ? ಸ್ಟ್ರೆಂತ್ 13 ಇಲ್ಲದವರಿಗೆ ಚೈನ್ ಮೇಲ್ ಕೊಟ್ಟರೆ ವೇಗ 10 ಅಡಿ ಇಳಿಯುತ್ತದೆ. ಹಾಫ್‌ಲಿಂಗ್ (ಕುಳ್ಳ ಕುಲದವರು) ಕೈಗೆ ಲಾಂಗ್‌ಬೋ ಕೊಟ್ಟರೆ ಹೆವಿ ಆಯುಧ ಅನ್ನುವ ಕಾರಣಕ್ಕೆ ಪ್ರತಿ ಬಾಣಕ್ಕೂ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯುವುದು). ಶಾರ್ಟ್‌ಬೋ ಕೊಡಿ, ಮುಗಿಯಿತು. ಇನ್ನು ಪ್ರೊಫಿಷಿಯನ್ಸಿ ಇಲ್ಲದ ಆರ್ಮರ್ (ಕವಚ) ತೊಟ್ಟ ವಿಝರ್ಡ್‌ಗೆ ಸ್ಪೆಲ್ (ಮಂತ್ರ) ಹಾಕಲೇ ಆಗುವುದಿಲ್ಲ. ಅಂಥ ಶೀಟ್ ಕಂಡರೆ ತಕ್ಷಣ ಆರ್ಮರ್ ತೆಗೆಸಿ.

ಲಕ್ಷಣ: "ಸ್ಪೆಲ್ ಇದೆ, ಯಾವುದೂ ಉಪಯೋಗಕ್ಕೆ ಬರ್ತಿಲ್ಲ"

ಸ್ಪೆಲ್ ಪಟ್ಟಿ ತೆಗೆದು ಕಾನ್ಸನ್‌ಟ್ರೇಷನ್ (ಸ್ಪೆಲ್ ನಿಲ್ಲಲು ಗಮನ ಹಿಡಿದಿಡುವುದು) ಬೇಕಾದವಕ್ಕೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಒಂದು ಸಲಕ್ಕೆ ಅಂಥದ್ದು ಒಂದೇ ನಡೆಯುತ್ತದೆ. ಬ್ಲೆಸ್, ಶೀಲ್ಡ್ ಆಫ್ ಫೇತ್, ಡಿಟೆಕ್ಟ್ ಮ್ಯಾಜಿಕ್, ಪ್ರೊಟೆಕ್ಷನ್ ಫ್ರಮ್ ಈವಿಲ್ ಅಂಡ್ ಗುಡ್ ಅಂತ ನಾಲ್ಕು ತಯಾರಿಟ್ಟ ಕ್ಲೆರಿಕ್ ಶೀಟ್ ನೋಡಲು ತುಂಬಿದ ಹಾಗಿದೆ. ನಾಲ್ಕಕ್ಕೂ ಕಾನ್ಸನ್‌ಟ್ರೇಷನ್ ಬೇಕು. ಎರಡನೆಯದು ಹಾಕಿದ ಕ್ಷಣ ಮೊದಲನೆಯದು ಹೋಗುತ್ತದೆ. ಬ್ಲೆಸ್ ಒಂದನ್ನು ಇಟ್ಟುಕೊಳ್ಳಿ. ಒಂದನ್ನು ತೆಗೆದು ಹೀಲಿಂಗ್ ವರ್ಡ್ ಹಾಕಿ. ಅದು ಬೋನಸ್ ಆಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆಗೆ ಮಾಡುವ ಚಿಕ್ಕ ಕೆಲಸ), 60 ಅಡಿ ದೂರದಿಂದಲೂ ನಡೆಯುತ್ತದೆ. ಬಿದ್ದವರನ್ನು ಎಬ್ಬಿಸಿ ಅದೇ ಸರದಿಯಲ್ಲಿ ಗದೆಯನ್ನೂ ಬೀಸಬಹುದು. ಕ್ಲೆರಿಕ್, ಡ್ರೂಯಿಡ್ ಆದರೆ ಈ ಬದಲಾವಣೆಗೆ ನಿಯಮ ಮುರಿಯಬೇಕಿಲ್ಲ. ಲಾಂಗ್ ರೆಸ್ಟ್ ಆದ ಮೇಲೆ ಬೇರೆ ಸ್ಪೆಲ್ ತಯಾರಿಸಿಕೊಳ್ಳಲು ಅವರಿಗೆ ಹೇಗೂ ಅವಕಾಶವಿದೆ.

ವಿಝರ್ಡ್ ಆದರೆ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕುವ ಸಣ್ಣ ಸ್ಪೆಲ್) ನೋಡಿ. ಲೈಟ್, ಮೆಂಡಿಂಗ್, ಪ್ರೆಸ್ಟಿಡಿಜಿಟೇಷನ್ ಮೂರೇ ಇದ್ದರೆ ಲೆವೆಲ್ 1ರ ಎರಡು ಸ್ಲಾಟ್ (ದೊಡ್ಡ ಸ್ಪೆಲ್ ಹಾಕಲು ಇರುವ ಅವಕಾಶ) ಮುಗಿದ ಮೇಲೆ ಮಾಂತ್ರಿಕನ ಕೈ ಖಾಲಿ. ಒಂದನ್ನು ತೆಗೆದು ಫೈರ್ ಬೋಲ್ಟ್ ಹಾಕಿ. 120 ಅಡಿ ದೂರ, 1ಡಿ10 ಏಟು, ಎಷ್ಟು ಸಲ ಬೇಕಾದರೂ. 2014ರ ಟ್ರೂ ಸ್ಟ್ರೈಕ್ ಕಂಡರೆ ಎರಡನೇ ಯೋಚನೆ ಬೇಡ, ತೆಗೆಯಿರಿ. ಇಡೀ ಒಂದು ಸರದಿ ಕೊಟ್ಟು ಮುಂದಿನ ಸರದಿಯ ಒಂದು ದಾಳಿಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಜಾಸ್ತಿ ಬಿದ್ದದ್ದನ್ನು ಹಿಡಿಯುವುದು) ಪಡೆಯುವುದಕ್ಕಿಂತ ಎರಡು ಸಲ ಹೊಡೆಯುವುದೇ ಮೇಲು. ಮೇಜ್ ಆರ್ಮರ್ (ಮಂತ್ರದ ಕವಚ) ಇದ್ದೂ ಬಳಸದೆ ಇರುತ್ತಾರೆ. ಡೆಕ್ಸ್ 14 ಇದ್ದರೆ ಎಸಿ 12ರಿಂದ 15ಕ್ಕೆ ಏರುತ್ತದೆ, ಎಂಟು ಗಂಟೆ ನಿಲ್ಲುತ್ತದೆ. ಆಟ ಶುರುವಾಗುವಾಗಲೇ ಹಾಕಿದ್ದೀರಾ ಅಂತ ನೆನಪಿಸಿ.

ಸ್ಪೆಲ್ ಚೆನ್ನಾಗಿದ್ದು ಎದುರಾಳಿ ತಪ್ಪಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಸ್ಲೀಪ್ ಲೆವೆಲ್ 1ಕ್ಕೆ ಬಲವಾದ ಸ್ಪೆಲ್, 5ಡಿ8 ಎಚ್‌ಪಿಯಷ್ಟು ಶತ್ರುಗಳನ್ನು ಮಲಗಿಸುತ್ತದೆ. ಆದರೆ ಅನ್‌ಡೆಡ್‌ಗೆ (ಸತ್ತು ಎದ್ದು ಬಂದ ಶತ್ರುಗಳಿಗೆ) ತಾಗುವುದಿಲ್ಲ. ಅಸ್ಥಿಪಂಜರ, ಝೋಂಬಿಗಳಿಗೆ ವಿಷ ಹತ್ತುವುದಿಲ್ಲ, ಆದ್ದರಿಂದ ಪಾಯ್ಸನ್ ಸ್ಪ್ರೇ ಅಲ್ಲಿ ದಂಡ. ಚಾರ್ಮ್ ಪರ್ಸನ್ ಹ್ಯೂಮನಾಯ್ಡ್‌ಗಳಿಗೆ (ಮನುಷ್ಯರಂಥವರಿಗೆ) ಮಾತ್ರ. ಸ್ಮಶಾನದ ಸಾಹಸಕ್ಕೆ ಈ ಮೂರೂ ಇರುವ ಶೀಟ್ ಕೊಟ್ಟರೆ ತಪ್ಪು ಶೀಟಿನದಲ್ಲ, ಆರಿಸಿ ಕೊಟ್ಟವರದ್ದು. ಸಳನ ಕಥೆ ಹಿಡಿದು ಮಾಡಿದ ರೇಂಜರ್‌ಗೂ (ಕಾಡು ಬಲ್ಲ ಬೇಟೆಗಾರನ ಕ್ಲಾಸ್) ಹೀಗೇ ಆಗುತ್ತದೆ. ಫೇವರ್ಡ್ ಎನಿಮಿ ಬೀಸ್ಟ್ ಅಂತಿರುತ್ತದೆ, ಸಾಹಸದಲ್ಲಿ ಒಂದು ಪ್ರಾಣಿಯೂ ಬರುವುದಿಲ್ಲ. ಆಡಿಸುವವರಿಗೆ ಮುಂದೇನು ಬರುತ್ತದೆ ಅಂತ ಗೊತ್ತಿರುತ್ತದೆ ಅಲ್ವಾ? ಅದಕ್ಕೆ ತಕ್ಕಂತೆ ಮೊದಲೇ ಬದಲಿಸಿಕೊಡಿ.

ಲಕ್ಷಣ: ತಮ್ಮ ಸರದಿ ಬಂದರೂ ಮೊಬೈಲ್ ನೋಡುತ್ತಾ ಕೂತಿದ್ದಾರೆ

ಆಸಕ್ತಿ ಇಲ್ಲ ಅಂದುಕೊಳ್ಳುವ ಮೊದಲು ಶೀಟನ್ನು ಅವರ ಕಣ್ಣಿನಿಂದ ನೋಡಿ. ಸಣ್ಣ ಅಕ್ಷರದಲ್ಲಿ ಎರಡು ಪುಟ. ತಮ್ಮ ಸರದಿಯಲ್ಲಿ ಏನು ಮಾಡಬಹುದು ಅಂತ ಎಲ್ಲೂ ಬರೆದಿಲ್ಲ. ರೋಗ್ ಶೀಟ್‌ನಲ್ಲಿ "ಸ್ನೀಕ್ ಅಟ್ಯಾಕ್ 1ಡಿ6" ಅಂತಷ್ಟೇ ಇದ್ದರೆ ಹೊಸಬರು ಕತ್ತಲಲ್ಲಿ ಅಡಗಿ ಕೂತಾಗ ಮಾತ್ರ ಅದು ನಡೆಯುತ್ತದೆ ಅಂದುಕೊಳ್ಳುತ್ತಾರೆ. ನಿಜವಾಗಿ ಶತ್ರುವಿನ 5 ಅಡಿಯೊಳಗೆ ನಮ್ಮವರೊಬ್ಬರು ನಿಂತಿದ್ದರೂ ಸಾಕು. ಆದರೆ ಆಯುಧ ಫಿನೆಸ್ (ಬಲದ ಬದಲು ಚುರುಕಿನಿಂದಲೂ ಬಳಸಬಹುದಾದದ್ದು) ಆಗಿರಬೇಕು, ಇಲ್ಲವೇ ದೂರದಿಂದ ಹೊಡೆಯುವಂಥದ್ದಾಗಿರಬೇಕು. ರೋಗ್ ಕೈಗೆ ಗದೆ ಕೊಟ್ಟ ಶೀಟ್ ಇದ್ದರೆ ಆ ಕ್ಲಾಸಿನ ಮುಖ್ಯ ಶಕ್ತಿಯನ್ನೇ ಕಿತ್ತುಕೊಂಡ ಹಾಗೆ.

ಶೀಟಿನ ಮೇಲೆ ಮೂರು ಸಾಲು ಬರೆದು ಅಂಟಿಸಿ. ಹತ್ತಿರ ಇದ್ದಾಗ ಇದು, ದೂರ ಇದ್ದಾಗ ಇದು, ಸಾಯುವ ಹಾಗಾದರೆ ಇದು. ಅಷ್ಟರಿಂದಲೇ ಎಷ್ಟೋ "ದುರ್ಬಲ" ಕ್ಯಾರೆಕ್ಟರ್‌ಗಳು ಎದ್ದು ನಿಲ್ಲುತ್ತವೆ. ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಓದಲು ಬರುವವರಿಗೂ ಅವಸರದಲ್ಲಿ ಕನ್ನಡ ಬೇಗ ಹತ್ತುತ್ತದೆ.

ಆಮೇಲೂ ಸುಮ್ಮನೆ ಕೂತಿದ್ದರೆ ಪಕ್ಕದವರ ಶೀಟ್ ನೋಡಿ. ಇಬ್ಬರದ್ದೂ ಒಂದೇ ಕೆಲಸವಾಗಿ, ಒಬ್ಬರ ಅಂಕಿ ಎಲ್ಲದರಲ್ಲೂ ಎರಡು ಜಾಸ್ತಿ ಇದ್ದರೆ ಇನ್ನೊಬ್ಬರಿಗೆ ಮಾಡಲು ಏನೂ ಉಳಿಯುವುದಿಲ್ಲ. ಬೀಗ ತೆಗೆಯುವುದೋ, ಜಾಡು ಹಿಡಿಯುವುದೋ, ಮಾತಾಡಿ ಒಪ್ಪಿಸುವುದೋ, ಯಾವುದಾದರೂ ಒಂದು ಸ್ಕಿಲ್ ಅವರದ್ದೇ ಆಗುವ ಹಾಗೆ ಬದಲಿಸಿ.

ಲಕ್ಷಣ: "ಎಲ್ಲರಿಗೂ ಎರಡು ಏಟು, ನನಗೆ ಒಂದೇ"

ಲೆವೆಲ್ 5ರ ಆಟದಲ್ಲಿ ಇದು ಕೇಳಿಬಂದರೆ ಮಲ್ಟಿಕ್ಲಾಸ್ (ಎರಡು ಕ್ಲಾಸ್ ಬೆರೆಸಿದ್ದು) ಇದೆಯಾ ನೋಡಿ. ಫೈಟರ್ 3, ವಿಝರ್ಡ್ 2 ಅಂತ ಸೀಳಿದ ಶೀಟ್‌ಗೆ ಲೆವೆಲ್ 5 ಫೈಟರ್‌ನ ಎಕ್ಸ್‌ಟ್ರಾ ಅಟ್ಯಾಕೂ ಇಲ್ಲ, ಲೆವೆಲ್ 5 ವಿಝರ್ಡ್‌ನ ಫೈರ್‌ಬಾಲೂ ಇಲ್ಲ. ಇಲ್ಲಿ ಸಣ್ಣ ತಿದ್ದುಪಡಿ ಕೆಲಸ ಮಾಡುವುದಿಲ್ಲ. ಒಂದೇ ಕ್ಲಾಸಿನ ಹೊಸ ಶೀಟ್ ಬರೆದುಬಿಡಿ. ಹಾಗೆಯೇ ಲೆವೆಲ್ 4ರಲ್ಲಿ ಮುಖ್ಯ ಸ್ಕೋರ್ ಏರಿಸದೆ ಆ ಸಾಹಸಕ್ಕೆ ಸಂಬಂಧವಿಲ್ಲದ ಫೀಟ್ (ವಿಶೇಷ ಸಾಮರ್ಥ್ಯ) ತೆಗೆದುಕೊಂಡಿದ್ದರೆ, ಅದನ್ನು ಬಿಟ್ಟು ಎರಡು ಪಾಯಿಂಟ್ ಹಾಕಿ.

ಲಕ್ಷಣ: ಶೀಟ್ ಒಂದು ಹೇಳುತ್ತೆ, ಪುಸ್ತಕ ಇನ್ನೊಂದು ಹೇಳುತ್ತೆ

2014ರ ಶೀಟನ್ನು 2024ರ ಪುಸ್ತಕ ಇಟ್ಟುಕೊಂಡು ಆಡುತ್ತಿದ್ದೀರಿ. ಹೊಸದರಲ್ಲಿ ಸ್ಕೋರ್ ಬೋನಸ್ ಬ್ಯಾಕ್‌ಗ್ರೌಂಡ್‌ನಿಂದ ಬರುತ್ತದೆ, ಲೆವೆಲ್ 1ರಲ್ಲೇ ಆರಿಜಿನ್ ಫೀಟ್ ಇದೆ, ಫೈಟರ್‌ಗಳಿಗೆ ವೆಪನ್ ಮಾಸ್ಟರಿ (ಆಯುಧದ ವಿಶೇಷ ಪಟ್ಟು) ಇದೆ. ಕ್ಯೂರ್ ವೂಂಡ್ಸ್ 1ಡಿ8 ಇದ್ದದ್ದು 2ಡಿ8 ಆಗಿದೆ. ಟೇಬಲ್‌ನಲ್ಲಿ ಎರಡೂ ಬೆರೆತಿದ್ದರೆ ಹಳೆಯ ಶೀಟ್ ಹಿಂದೆ ಬೀಳುವುದು ಖಂಡಿತ. ಎಲ್ಲರೂ ಒಂದೇ ಆವೃತ್ತಿಗೆ ಬನ್ನಿ. ಪುಸ್ತಕ ಕೊಳ್ಳಲು ಆಗದವರಿಗೆ 2014ರ ಮೂಲ ನಿಯಮಗಳ ದಾಖಲೆಯಾದ 5.1 ಎಸ್‌ಆರ್‌ಡಿ ಇದೆ. 2023ರ ಜನವರಿಯಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಮೂಲ ನಿಯಮ ತಾಳೆ ನೋಡಲು ಅಷ್ಟು ಸಾಕು.

ಲಕ್ಷಣ: "ಸುಳಿವೇ ಸಿಗ್ತಿಲ್ಲ, ಕಥೆ ನಿಂತುಹೋಗಿದೆ"

ಕಾಲ್ ಆಫ್ ಕುಥುಲು ಥರದ ಪತ್ತೇದಾರಿ ಆಟಗಳಲ್ಲಿ ದೋಷ ಹೀಗೆ ಕಾಣುತ್ತದೆ. ಅಲ್ಲಿ ಸ್ಕಿಲ್‌ಗಳು ಶೇಕಡಾ ಲೆಕ್ಕದಲ್ಲಿರುತ್ತವೆ. 7ನೇ ಆವೃತ್ತಿಯಲ್ಲಿ ಸ್ಪಾಟ್ ಹಿಡನ್ (ಅಡಗಿದ್ದನ್ನು ಕಾಣುವುದು) ಎಲ್ಲರಿಗೂ 25ರಿಂದ, ಲೈಬ್ರರಿ ಯೂಸ್ (ಪುಸ್ತಕಗಳಲ್ಲಿ ಹುಡುಕುವುದು) 20ರಿಂದ ಶುರು. ಪ್ರೀ-ಜೆನ್‌ಗಳ ಪಾಯಿಂಟ್ ಎಲ್ಲಾ ಕಡೆ ಚೆದುರಿ, ನಾಲ್ಕೂ ಜನರ ಸ್ಪಾಟ್ ಹಿಡನ್ 25ರಲ್ಲೇ ಉಳಿದಿದ್ದರೆ ನಾಲ್ವರೂ ಹುಡುಕಿದರೂ ಏನೂ ಸಿಗದಿರುವ ಸಾಧ್ಯತೆ ನೂರಕ್ಕೆ 32ರಷ್ಟು. ನಾಲ್ಕು ಶೀಟ್ ಪಕ್ಕಪಕ್ಕ ಇಟ್ಟು ಹುಡುಕುವುದು, ಓದುವುದು, ಮಾತಾಡಿಸುವುದು, ಗಾಯ ನೋಡುವುದು ಇವು ಪ್ರತಿಯೊಂದೂ ಯಾರಾದರೂ ಒಬ್ಬರಲ್ಲಿ 60ರ ಹತ್ತಿರ ಇದೆಯಾ ನೋಡಿ. ಇಲ್ಲದಿದ್ದರೆ ಆ ಕಥೆಯಲ್ಲಿ ಬರದೇ ಇರುವ ಸ್ಕಿಲ್‌ನಿಂದ ಪಾಯಿಂಟ್ ತೆಗೆದು ಅಲ್ಲಿಗೆ ಹಾಕಿ. ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವಿಗೆ ಮಾತ್ರ ರೋಲ್ ಕೇಳಬೇಡಿ, ಕೊಟ್ಟುಬಿಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕಾಫಿ ಗಿಡದಲ್ಲಿ ಬೇಡದ ಚಿಗುರು ತೆಗೆಯುವ ಹಾಗೆ ತಿದ್ದಿ, ಗಿಡ ಕೀಳಬೇಡಿ. ಒಂದು ಸೆಷನ್‌ಗೆ ಒಂದೋ ಎರಡೋ ಬದಲಾವಣೆ ಸಾಕು. ಒಟ್ಟಿಗೆ ಐದು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ದಾಳಿ, ಎಸಿ, ಎಚ್‌ಪಿ ಉಳಿದವರ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಒಬ್ಬರ ಶೀಟನ್ನು ತಿದ್ದುತ್ತಾ ತಿದ್ದುತ್ತಾ ಎಲ್ಲರಿಗಿಂತ ಬಲವಾಗಿ ಮಾಡಿದರೆ ಈಗ ಬೇರೆ ಮೂವರಿಗೆ ಅದೇ ಬೇಜಾರು ಶುರುವಾಗುತ್ತದೆ. ಗುಂಪಿನ ದಾಳಿ ಬೋನಸ್‌ಗಳ ನಡುವೆ ಎರಡಕ್ಕಿಂತ ಜಾಸ್ತಿ ಅಂತರ ಬರದ ಹಾಗೆ ನೋಡಿಕೊಳ್ಳಿ.

ಆಡುವವರು ತಮ್ಮ ಎಡವಟ್ಟು ಕ್ಯಾರೆಕ್ಟರನ್ನು ಇಷ್ಟಪಟ್ಟಿದ್ದರೆ ಅಂಕಿ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಏಟು ತಪ್ಪಿದಾಗ ಅವರು ನಗುತ್ತಿದ್ದಾರಾ, ಮುಖ ಬಾಡುತ್ತಿದೆಯಾ? ಅದನ್ನು ನೋಡಿದರೆ ಸಾಕು.

ಲೆಕ್ಕ, ಸ್ಕೋರ್, ಸಾಮಾನು, ಸ್ಪೆಲ್ ಎಲ್ಲಾ ನೋಡಿದ ಮೇಲೂ ಗುಂಪು ಸೋಲುತ್ತಲೇ ಇದ್ದರೆ ಶೀಟ್ ಬಿಟ್ಟು ಸಾಹಸವನ್ನು ಪರೀಕ್ಷಿಸಿ. ಐದು ಜನಕ್ಕೆ ಬರೆದ ಹೊಡೆದಾಟವನ್ನು ಮೂವರಿಗೆ ಕೊಟ್ಟಿರಬಹುದು. ಆಗ ಗಾಬ್ಲಿನ್‌ಗಳ ಸಂಖ್ಯೆ ಇಳಿಸಿ.

ನಿಮಗೇ ನಿಯಮ ಅಷ್ಟು ಗೊತ್ತಿಲ್ಲದಿದ್ದರೆ ಅನುಮಾನ ಬಂದ ಶೀಟನ್ನು 2014ರ ಸ್ಟಾರ್ಟರ್ ಸೆಟ್‌ನ ಶೀಟ್‌ಗಳ ಪಕ್ಕ ಇಡಿ. ಅದರಲ್ಲಿ ಐದಿವೆ: ಇಬ್ಬರು ಫೈಟರ್, ಒಬ್ಬ ಕ್ಲೆರಿಕ್, ಒಬ್ಬ ರೋಗ್, ಒಬ್ಬ ವಿಝರ್ಡ್. ಲೆವೆಲ್ 5ರವರೆಗೆ ಏನೇನು ಸೇರಬೇಕು ಅನ್ನುವುದೂ ಅವುಗಳಲ್ಲೇ ಇದೆ. ಅದೇ ಕ್ಲಾಸ್, ಅದೇ ಲೆವೆಲ್‌ನ ಅಂಕಿಗೂ ನಿಮ್ಮದಕ್ಕೂ ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ಆ ಸಾಲಿಗೆ ಗುರುತು ಹಾಕಿ, ಫೋಟೋ ತೆಗೆದು, ಹೆಚ್ಚು ಕಾಲ ಆಡಿಸಿದವರಿಗೆ ಕಳಿಸಿ. ಕಳಿಸುವಾಗ ಲೆವೆಲ್, ಆವೃತ್ತಿಯ ವರ್ಷ, ಸಾಹಸದಲ್ಲಿ ಬರುವ ಶತ್ರುಗಳು, ಗುಂಪಿನಲ್ಲಿ ಎಷ್ಟು ಜನ, ಈ ನಾಲ್ಕನ್ನೂ ಬರೆಯಿರಿ. ಇವಿಲ್ಲದೆ ಯಾರೂ ಸರಿಯಾದ ಉತ್ತರ ಕೊಡಲಾರರು.